ಕೂಲೆಂಟ್ ಇಳಿಯುತ್ತಿದೆ, ಆಯಿಲ್ ಏರುತ್ತಿದೆ: ಹೆಡ್ ಬಿಚ್ಚಲೇಬೇಕಾ?

ದಾಬಸ್‌ಪೇಟೆ ಗಾಡಿ:

ಎಲ್ಲರಿಗೂ ನಮಸ್ಕಾರ. ನನ್ನದು ಟಾಟಾ 1613 ಲಾರಿ, ಆರು ಸಿಲಿಂಡರಿನ 5.9 ಲೀಟರ್ ಕಮ್ಮಿನ್ಸ್ 6ಬಿಟಿ ಎಂಜಿನ್. ದಾಬಸ್‌ಪೇಟೆಯಿಂದ ಯಶವಂತಪುರ ಟ್ರಕ್ ಟರ್ಮಿನಲ್‌ಗೆ ಓಡುತ್ತೆ. ಆಗಾಗ ಶಿರಾಡಿ ಇಳಿದು ಮಂಗಳೂರಿಗೂ ಲೋಡ್ ಇರುತ್ತೆ. ಗಾಡಿ ಹಳೆಯದು, ಆದರೆ ಎಂಜಿನ್ ಇದುವರೆಗೆ ಕೈ ಕೊಟ್ಟಿಲ್ಲ.

ಈಗ ಕೂಲೆಂಟ್ ಕಮ್ಮಿಯಾಗುತ್ತಿದೆ. ನೆಲದ ಮೇಲೆ ಒಂದು ಹನಿ ಇಲ್ಲ. ರೇಡಿಯೇಟರ್, ಹೋಸ್, ವಾಟರ್ ಪಂಪ್ ಎಲ್ಲಾ ಒಣಗಿಕೊಂಡಿವೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗೆರೆ ದಾಟಿ ನಿಂತಿದೆ. ಫಿಲ್ಲರ್ ಕ್ಯಾಪ್ ಒಳಗೆ ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೊರೆ. ಕಡ್ಡಿಯ ತುದಿಯಲ್ಲೂ ಸ್ವಲ್ಪ ಅದೇ ಬಣ್ಣ.

ಬಿಳಿ ಹೊಗೆ ಇಲ್ಲ. ಟೆಂಪರೇಚರ್ ಮುಳ್ಳು ಎಂದಿನ ಜಾಗದಲ್ಲೇ ಇದೆ. ಪಿಕಪ್ ಚೆನ್ನಾಗಿದೆ. ಸ್ಟಾರ್ಟಿಂಗ್‌ನಲ್ಲಿ ರೇಡಿಯೇಟರ್ ಬಾಯಿ ತೆರೆದು ನೋಡಿದೆ, ಗುಳ್ಳೆ ಬರುತ್ತಿಲ್ಲ, ಎಣ್ಣೆ ಪದರವೂ ತೇಲುತ್ತಿಲ್ಲ. ದೀಪಾವಳಿ ಹೊತ್ತಿಗೆ ಫ್ಲಶ್ ಮಾಡಿಸಿ ಹಸಿರು ಕೂಲೆಂಟ್ ತುಂಬಿಸಿದ್ದೆ. ಅದಕ್ಕೂ ಮುಂಚೆ ಡ್ರೈವರ್‌ಗಳು ಸಿಕ್ಕ ಕಡೆ ಬೋರ್‌ವೆಲ್ ನೀರೇ ಹುಯ್ಯುತ್ತಿದ್ದರು.

ಗ್ಯಾರೇಜಿನವರು ಕ್ಯಾಪ್ ನೋಡಿದ ಕೂಡಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಿ ಲೇತ್‌ಗೆ ಕಳಿಸೋಣ" ಅಂದರು. ಹೆಡ್‌ಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲ್ ಅದು. ನನ್ನ ಅಳಿಯ ಆಯಿಲ್ ಕೂಲರ್ (ಕೂಲೆಂಟ್‌ನಿಂದ ಆಯಿಲ್ ತಣ್ಣಗಾಗಿಸುವ ಭಾಗ) ತೂತಾಗಿದೆ ಅಂತಾನೆ. ಹೆಡ್ ಇಳಿಸಿದರೆ ಖರ್ಚು ಒಂದು ಕಡೆ, ನಿಂತ ಗಾಡಿಯ ಕಂತು ಇನ್ನೊಂದು ಕಡೆ. ಬಿಚ್ಚುವ ಮುಂಚೆ ಗೊತ್ತು ಮಾಡಿಕೊಳ್ಳೋಕೆ ದಾರಿ ಇದೆಯಾ?

ಸಿಟಿ ಲೋಕಲ್:

ಅಣ್ಣ, ಕ್ಯಾಪ್ ಕೆಳಗಿನ ನೊರೆ ನೋಡಿ ಹೆದರಬೇಡಿ. ಚಳಿಗಾಲದಲ್ಲಿ ಬೆಂಗಳೂರಿನೊಳಗೇ ಸಣ್ಣ ಟ್ರಿಪ್ ಹೊಡೆದರೆ ಎಂಜಿನ್ ಪೂರ್ತಿ ಕಾಯಲ್ಲ, ಒಳಗಿನ ತೇವ ಕ್ಯಾಪ್‌ಗೆ ಬಂದು ಅಂಟುತ್ತೆ. ನಮ್ಮ ಗಾಡಿಯಲ್ಲಿ ಪ್ರತಿ ಡಿಸೆಂಬರ್‌ನಲ್ಲೂ ಇದೇ ಕಥೆ. ಲೆವೆಲ್ ಏರಿದೆ ಅಂದರೆ ಆಯಿಲ್‌ಗೆ ಡೀಸೆಲ್ ಸೇರುತ್ತಿದೆಯಾ ಅಂತಲೂ ನೋಡಿ. ಕಡ್ಡಿ ಮೂಸಿದರೆ ಗೊತ್ತಾಗುತ್ತೆ. ಆಯಿಲ್ ತೆಳ್ಳಗಾಗಿರುತ್ತೆ.

ಪೀಣ್ಯ ಫಿಟ್ಟರ್:

ತೇವದ ಮಾತು ನಿಜ. ಆದರೆ ಇವರು ಕೂಲೆಂಟೂ ಇಳಿಯುತ್ತಿದೆ ಅಂದಿದ್ದಾರಲ್ವಾ, ಮಂಗಳೂರಿಗೂ ಹೋಗಿ ಬರುತ್ತಾರೆ. ಶಿರಾಡಿ ಹತ್ತಿದ ಎಂಜಿನ್‌ನಲ್ಲಿ ತೇವ ಉಳಿಯಲ್ಲ.

ಗಾಡಿ ಈಗಲೇ ನಿಲ್ಲಿಸಿ. ಕೂಲೆಂಟಿನ ಗ್ಲೈಕಾಲ್ ಸೇರಿದ ಆಯಿಲ್‌ನಲ್ಲಿ ಓಡಿಸಿದರೆ ಮೊದಲು ಹೋಗುವುದು ಬೇರಿಂಗ್. ಒಂದು ಬಾಡಿಗೆ ಆಸೆಗೆ ಕ್ರ್ಯಾಂಕ್ ಕಳೆದುಕೊಂಡವರು ನನ್ನ ಹತ್ತಿರವೇ ಬಂದಿದ್ದಾರೆ.

ಸಂಜೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬೆಳಗಿನ ತನಕ ಮುಟ್ಟಬೇಡಿ. ಕೂಲೆಂಟ್ ಆಯಿಲ್‌ಗಿಂತ ಭಾರ, ಚೇಂಬರಿನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡದೆ ಡ್ರೈನ್ ಬೋಲ್ಟನ್ನು ಹನಿ ಬರುವಷ್ಟು ಮಾತ್ರ ಸಡಿಲಿಸಿ, ಗಾಜಿನ ಲೋಟ ಹಿಡಿಯಿರಿ. ಮೊದಲು ಹಸಿರು ನೀರು, ಆಮೇಲೆ ಕಪ್ಪು ಆಯಿಲ್ ಬಂದರೆ ಅನುಮಾನವೇ ಬೇಡ. ಬರೀ ಆಯಿಲ್ ಬಂದರೂ ಬಚಾವಾದೆ ಅಂದುಕೊಳ್ಳಬೇಡಿ, ಚೆನ್ನಾಗಿ ಕಲಸಿಹೋಗಿದ್ದರೆ ಬೇರೆಯಾಗಲ್ಲ. ಆಗ ಬಿಸಾಡುವಂಥ ಹಳೇ ತವಾ ಕಾಯಿಸಿ, ಒಲೆ ಆರಿಸಿ, ಒಂದು ಹನಿ ಬಿಡಿ. ಚಟಪಟ ಅಂದರೆ ನೀರಿದೆ. ಲೋಟದ ಕೂಲೆಂಟ್ ಮೋರಿಗೆ ಚೆಲ್ಲಬೇಡಿ. ಸಿಹಿ ಇರುತ್ತೆ ಅಂತ ನಾಯಿಗಳು ನೆಕ್ಕುತ್ತವೆ, ಸತ್ತೇ ಹೋಗುತ್ತವೆ.

ಇನ್ನು ಎಲ್ಲಿಂದ ಬಂತು ಅನ್ನೋದು. ಈ ಎಂಜಿನ್‌ಗೆ ಬೇರೆ ಲೈನರ್ (ಪಿಸ್ಟನ್ ಓಡುವ ಕೊಳವೆ) ಇಲ್ಲ, ಬ್ಲಾಕಲ್ಲೇ ಬೋರ್ ಕೊರೆದಿರುತ್ತಾರೆ. ಹಾಗಾಗಿ ಲೈನರ್ ಓ ರಿಂಗ್ ಸೀಲ್ ಲೀಕಾಗುವ ಕಥೆ ಇಲ್ಲ. ವಾಟರ್ ಪಂಪ್ ಹೊರಗೆ ಬೆಲ್ಟ್ ಮೇಲೆ ಓಡುತ್ತೆ, ಲೀಕ್ ಆದರೆ ನೆಲಕ್ಕೇ ಬೀಳುತ್ತೆ. ಉಳಿದದ್ದು ಆಯಿಲ್ ಕೂಲರ್, ಹೆಡ್ ಗ್ಯಾಸ್ಕೆಟ್, ಹೆಡ್ಡೋ ಬ್ಲಾಕೋ ಕ್ರ್ಯಾಕ್.

ಅಳಿಯ ಹೇಳಿದ ಕೂಲರ್ ಬಗ್ಗೆ ನನಗೆ ಸ್ವಲ್ಪ ಅನುಮಾನ. ಓಡುವಾಗ ಆಯಿಲ್ ಪ್ರೆಷರ್ 40 ಪೌಂಡ್ (ಪಿಎಸ್‌ಐ) ಮೇಲಿರುತ್ತೆ, ಕೂಲೆಂಟ್ 15ರ ಒಳಗೆ. ಕೂಲರ್ ತೂತಾದರೆ ಓಡುವಾಗ ಆಯಿಲ್ ಕೂಲೆಂಟಿಗೆ ನುಗ್ಗುತ್ತೆ. ಆಫ್ ಮಾಡಿದ ಮೇಲೆ ಉಳಿದ ಪ್ರೆಷರ್‌ಗೆ ಕೂಲೆಂಟ್ ಆಯಿಲ್‌ಗೆ ಬರುತ್ತೆ. ಅಂದರೆ ರೇಡಿಯೇಟರಲ್ಲಿ ಎಣ್ಣೆ ಕಾಣಬೇಕಿತ್ತು. ಗ್ಯಾಸ್ಕೆಟ್ ಸಿಲಿಂಡರ್ ಕಡೆ ಸುಟ್ಟಿದ್ದರೆ ಗುಳ್ಳೆ ಬರಬೇಕಿತ್ತು. ಎರಡೂ ಇಲ್ಲ. ಪ್ರೆಷರ್ ಟೆಸ್ಟ್ ಮಾಡಿಸಿ: ಎಂಜಿನ್ ತಣ್ಣಗಿರುವಾಗ ಕ್ಯಾಪ್ ಜಾಗಕ್ಕೆ ಕೈಪಂಪ್ ಹಾಕಿ, ಕ್ಯಾಪ್ ಮೇಲೆ ಬರೆದಿರುವಷ್ಟೇ ಪ್ರೆಷರ್ ಕೊಟ್ಟು, ಚೇಂಬರ್ ಇಳಿಸಿ ಟಾರ್ಚ್ ಬಿಟ್ಟು ಕೆಳಗಿಂದ ನೋಡಲಿ. ಹನಿ ಎಲ್ಲಿಂದ ಬೀಳುತ್ತೆ ಅನ್ನೋದೇ ಉತ್ತರ.

ರಾತ್ರಿ ಘಾಟಿ:

ಅಣ್ಣ, ಬ್ರೇಕಿನ ಏರ್ ಟ್ಯಾಂಕ್ ಡ್ರೈನ್ ಮಾಡಿದಾಗ ಏನು ಬರುತ್ತೆ? ಡ್ರೈವರ್‌ನ ಕೇಳಿ.

ದಾಬಸ್‌ಪೇಟೆ ಗಾಡಿ:

ಕೇಳಿದೆ. "ದಿನಾ ನೀರು ಬರುತ್ತಲ್ಲ ಓನರೇ, ಈಗ ಸ್ವಲ್ಪ ಅಂಟಂಟು" ಅಂದ. ನಾನೇ ಹೋಗಿ ಟ್ಯಾಂಕಿನ ಕೆಳಗಿನ ರಿಂಗ್ ಎಳೆದು ಬಿಳಿ ಬಟ್ಟೆ ಹಿಡಿದೆ. ತಿಳಿ ಹಸಿರು ಕಲೆ. ಬೆರಳಲ್ಲಿ ಉಜ್ಜಿದರೆ ಜಾರುತ್ತೆ, ಒಣಗಲ್ಲ. ಎಂಜಿನ್ ಡ್ರೈನ್ ಬೋಲ್ಟ್ ಸಡಿಲಿಸಿದಾಗ ಲೋಟಕ್ಕೂ ಮೊದಲು ಇದೇ ಬಂತು.

ಪೀಣ್ಯ ಫಿಟ್ಟರ್:

ಕಂಪ್ರೆಸರ್! ಘಾಟಿಯವರೇ, ಒಳ್ಳೆ ಪ್ರಶ್ನೆ ಕೇಳಿದಿರಿ. ಬ್ರೇಕ್ ಏರ್ ಕಂಪ್ರೆಸರ್ ಹೆಡ್‌ಗೂ ಎಂಜಿನ್ ಕೂಲೆಂಟೇ ಹೋಗುತ್ತೆ, ಅದರ ಆಯಿಲ್ ಗೇರ್ ಕೇಸಿಗೆ ಬಂದು ಚೇಂಬರಿಗೆ ಇಳಿಯುತ್ತೆ. ಒಳಗಿನ ಗ್ಯಾಸ್ಕೆಟ್ ಹೋದರೆ ಕೂಲೆಂಟ್ ಎರಡು ದಾರಿ ಹಿಡಿಯುತ್ತೆ: ಗಾಳಿ ಜೊತೆ ಟ್ಯಾಂಕಿಗೆ, ಕಂಪ್ರೆಸರಿನ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ. ಬರೀ ನೀರು ಹುಯ್ದಿದ್ದರೆ ಟ್ಯಾಂಕಿನ ಮಾಮೂಲಿ ನೀರು ಅಂತ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಿಮ್ಮ ಹಸಿರು ಕೂಲೆಂಟೇ ಹಿಡಿದುಕೊಟ್ಟಿದೆ.

ಖಾತ್ರಿಗೆ ಹೀಗೆ ಮಾಡಿ. ಮೊದಲು ಹಾಗೇ ಕೈಪಂಪಲ್ಲಿ ಪ್ರೆಷರ್ ಕೊಟ್ಟು ಅದರ ಗೇಜ್ ಮುಳ್ಳು ಇಳಿಯುವುದನ್ನು ನೋಡಿ. ಆಮೇಲೆ ಕಂಪ್ರೆಸರಿನ ಎರಡೂ ಕೂಲೆಂಟ್ ಪೈಪ್ ಬಿಚ್ಚಿ, ಎಂಜಿನ್ ಕಡೆ ಪ್ಲಗ್ ಹೊಡೆದು ಮತ್ತೆ ಕೊಡಿ. ಮುಳ್ಳು ನಿಂತರೆ ಹೆಡ್ ಗ್ಯಾಸ್ಕೆಟ್ ತಂಟೆಗೆ ಹೋಗಬೇಕಿಲ್ಲ. ಪ್ಲಗ್ ಹಾಕಿಕೊಂಡು ಮಾತ್ರ ಗಾಡಿ ಓಡಿಸಬೇಡಿ, ಕಂಪ್ರೆಸರ್ ಸುಟ್ಟುಹೋಗುತ್ತೆ.

ದಾಬಸ್‌ಪೇಟೆ ಗಾಡಿ:

ಮಾಡಿಸಿದೆ. ಮೊದಲ ಸಲ 15 ಪೌಂಡ್ ಕೊಟ್ಟರೆ ಒಂದು ಟೀ ಕುಡಿಯುವಷ್ಟರಲ್ಲಿ ಮುಳ್ಳು ಜಾರಿ 10ಕ್ಕೆ ಬಂತು. ಪ್ಲಗ್ ಹಾಕಿದ ಮೇಲೆ ಅಲ್ಲಾಡಲಿಲ್ಲ. ಕಂಪ್ರೆಸರ್ ಹೆಡ್ ಎತ್ತಿದರೆ ನೀರಿನ ದಾರಿ ಅರ್ಧ ಬಿಳಿ ಸುಣ್ಣ ಕಟ್ಟಿಕೊಂಡಿದೆ, ಬೋರ್ ಪಕ್ಕ ಗ್ಯಾಸ್ಕೆಟ್ ತಿಂದುಹೋಗಿದೆ. ಬೋರ್‌ವೆಲ್ ನೀರಿನ ಪ್ರಸಾದ. ಜೆಸಿ ರೋಡಿನಿಂದ ಕಿಟ್ ತರಿಸುತ್ತಿದ್ದೇನೆ. ಗ್ಯಾರೇಜಿನವರು ಹೆಡ್ ವಿಷಯ ಮತ್ತೆ ಎತ್ತಲಿಲ್ಲ.

ಈಗ ಇದೊಂದು ಹೇಳಿ: ಬೇರಿಂಗ್ ಉಳಿದಿದೆಯಾ ಅಂತ ಹೇಗೆ ತಿಳಿಯೋದು?

ಪೀಣ್ಯ ಫಿಟ್ಟರ್:

ಹಳೇ ಆಯಿಲ್ ಫಿಲ್ಟರ್ ಎಸೆಯಬೇಡಿ. ಕತ್ತರಿಸಿ, ಪೇಪರ್ ಬಿಡಿಸಿ ಬಿಸಿಲಲ್ಲಿ ನೋಡಿ. ತಾಮ್ರದ ಬಣ್ಣದ ಚೂರು ಹೊಳೆದರೆ ಚೇಂಬರ್ ಇಳಿಸಿ ಒಂದೆರಡು ಬಿಗ್ ಎಂಡ್ ಕ್ಯಾಪ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಕೂರುವ ಕಡೆಯದು) ಬಿಚ್ಚಿ ಬೇರಿಂಗ್ ನೋಡಲೇಬೇಕು. ಅದಕ್ಕೂ ಹೆಡ್ ಬಿಚ್ಚಬೇಕಿಲ್ಲ. ಏನೂ ಇಲ್ಲದಿದ್ದರೆ ಅಗ್ಗದ 15ಡಬ್ಲ್ಯೂ40 ತುಂಬಿ, ಲೋಡ್ ಇಲ್ಲದೆ ಐಡಲ್‌ನಲ್ಲಿ ಬಿಸಿ ಮಾಡಿ, ಇಳಿಸಿ. ಬಿಳಿ ಬಣ್ಣ ಉಳಿದಿದ್ದರೆ ಇನ್ನೊಂದು ಸಲ. ಆಮೇಲೆ ಒಳ್ಳೆ ಆಯಿಲ್, ಹೊಸ ಫಿಲ್ಟರ್. ಸ್ವಲ್ಪ ಓಡಿದ ಮೇಲೆ ಒಂದು ಸಣ್ಣ ಬಾಟಲಿ ಆಯಿಲ್ ಲ್ಯಾಬಿಗೆ ಕೊಡಿ. ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ ತೋರಿಸಿದರೆ ಕೂಲೆಂಟ್ ಇನ್ನೂ ಸೇರುತ್ತಿದೆ ಅಂತ.

ರಾತ್ರಿ ಘಾಟಿ:

ಬ್ರೇಕ್ ಕಡೆಯೂ ನೋಡಿಸಿ ಅಣ್ಣ. ಎಲ್ಲಾ ಟ್ಯಾಂಕ್ ಖಾಲಿ ಮಾಡಿಸಿ, ಏರ್ ಡ್ರೈಯರ್ ಇದ್ದರೆ ಕಾರ್ಟ್ರಿಡ್ಜ್ ಹೊಸದು ಹಾಕಿಸಿ. ವಾಲ್ವ್ ರಬ್ಬರ್ ಒಳಗೆ ಅಂಟು ಕೂತಿದ್ದರೆ ಬ್ರೇಕ್ ಬಿಡೋದು ತಡವಾಗುತ್ತೆ. ಶಿರಾಡಿಗೆ ಲೋಡ್ ಹಾಕುವ ಮುಂಚೆ ಖಾಲಿ ಗಾಡಿಯಲ್ಲಿ ನೆಲಮಂಗಲದ ತನಕ ಹೋಗಿ ಬ್ರೇಕ್ ಒತ್ತಿ ಒತ್ತಿ ನೋಡಿ.