ಸೇಂಟ್ ಹೆಲೆನಾದಿಂದ ಅಸೆನ್ಶನ್‌ಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವ ನಾನು, ಅಕ್ಷಾಂಶ ರೇಖಾಂಶಗಳಿಂದ ದೂರವನ್ನು ಲೆಕ್ಕ ಹಾಕುವ ಪಾಠಕ್ಕೆ ದಕ್ಷಿಣ ಅಟ್ಲಾಂಟಿಕ್ ಸಾಗರದ ಎರಡು ಒಂಟಿ ದ್ವೀಪಗಳನ್ನು ಆರಿಸಿಕೊಂಡಿದ್ದೇನೆ. ನೆಪೋಲಿಯನ್ ಸೆರೆಯಲ್ಲಿದ್ದು 1821ರಲ್ಲಿ ತೀರಿಕೊಂಡ ಸೇಂಟ್ ಹೆಲೆನಾ ಒಂದು, ಅದರ ವಾಯವ್ಯಕ್ಕಿರುವ ಅಸೆನ್ಶನ್ ಇನ್ನೊಂದು. ದೂರ ಸುಮಾರು 1,300 ಕಿ.ಮೀ. ಬಂದಿದೆ. ಗಂಟೆಗೆ 800 ಕಿ.ಮೀ. ವೇಗವೆಂದು ಹಿಡಿದರೆ 1 ಗಂಟೆ 38 ನಿಮಿಷ ಸಾಕು. ಆದರೆ ಎರಡು ಗಂಟೆ ಬೇಕೆಂದು ಓದಿದ್ದೇನೆ. ನಾನು ಎಡವಿರುವುದು ದೂರದಲ್ಲೋ, ವೇಗದಲ್ಲೋ ದಯವಿಟ್ಟು ತಿಳಿಸಿ.

ಉತ್ತರ 1

ದೂರ ಸರಿಯಾಗಿಯೇ ಇದೆ. ಎರಡು ದ್ವೀಪಗಳ ನಡುವೆ ಅಕ್ಷಾಂಶದಲ್ಲಿ ಸುಮಾರು 8 ಡಿಗ್ರಿ, ಅಂದರೆ 888 ಕಿ.ಮೀ. ಅಂತರವಿದೆ, ರೇಖಾಂಶದಲ್ಲಿ 8.75 ಡಿಗ್ರಿ ಅಂತರವಿದ್ದು, ಆ ಅಕ್ಷಾಂಶಗಳಲ್ಲಿ ಒಂದು ಡಿಗ್ರಿಗೆ ಸುಮಾರು 109 ಕಿ.ಮೀ.ಯಂತೆ 954 ಕಿ.ಮೀ. ಆಗುತ್ತದೆ. ಇವೆರಡನ್ನು ಲಂಬಕೋನ ತ್ರಿಭುಜದ ಎರಡು ಬದಿಗಳೆಂದು ತಿಳಿದು ಪೈಥಾಗೊರಸ್ ಪ್ರಮೇಯ ಹಚ್ಚಿದರೆ ಕರ್ಣ 1,303 ಕಿ.ಮೀ. ಸಮಭಾಜಕಕ್ಕೆ ಹತ್ತಿರದ ಇಷ್ಟು ಕಡಿಮೆ ದೂರಕ್ಕೆ ಈ ಸುಲಭ ವಿಧಾನ ಸಾಕು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇರುವಂಥ ದೂರಕ್ಕೆ ಮಾತ್ರ ಮಹಾವೃತ್ತದ, ಅಂದರೆ ಗೋಳದ ಮೇಲಿನ ಅತಿ ಹತ್ತಿರದ ದಾರಿಯ, ಸೂತ್ರವನ್ನೇ ಬಳಸಬೇಕು, ಈ ಎಚ್ಚರಿಕೆಯನ್ನು ಮಕ್ಕಳಿಗೆ ಮೊದಲೇ ಕೊಡಿ.

ವ್ಯತ್ಯಾಸ ಬಂದಿರುವುದು ವೇಗದಲ್ಲಿ. ವಿಮಾನವು 800 ಕಿ.ಮೀ. ವೇಗದಲ್ಲಿ ಹಾರುವುದು ಮೇಲೇರಿ ನೆಲೆಗೊಂಡ ಬಳಿಕ ಮಾತ್ರ. ಏರುವಾಗ, ಇಳಿಯುವಾಗ, ರನ್‌ವೇಯತ್ತ ತಿರುಗಿ ಸಾಲಿಗೆ ಬರುವಾಗ ವೇಗ ಬಹಳ ಕಡಿಮೆಯಿರುತ್ತದೆ, ನೆಲದ ಮೇಲೆ ಉರುಳುವ ನಿಮಿಷಗಳೂ ಸೇರುತ್ತವೆ. ಇದಕ್ಕೆಲ್ಲ ಅರ್ಧ ಗಂಟೆ ಕೂಡಿಸಿದರೆ ಹೆಚ್ಚುಕಡಿಮೆ ನೀವು ಓದಿದ ಅವಧಿಯೇ ಬರುತ್ತದೆ. ಎದುರುಗಾಳಿ, ಹಿಂಗಾಳಿಗಳಿಂದ ಕೆಲವು ನಿಮಿಷ ಆಚೀಚೆ ಆಗಬಹುದು. ಎರಡೂ ದ್ವೀಪಗಳಲ್ಲಿ ವರ್ಷವಿಡೀ ಗ್ರೀನಿಚ್ ಸಮಯವೇ ಇರುವುದರಿಂದ ಗಡಿಯಾರದ ತೊಡಕಿಲ್ಲ.

ಉತ್ತರ 2

ಮೇಲಿನ ಲೆಕ್ಕಕ್ಕೆ ನನ್ನ ಒಪ್ಪಿಗೆಯಿದೆ; ಆದರೆ ಇಂಥ ಊರುಗಳಿಗೆ ಹೋಗುವವರ ಕಾಯುವಿಕೆಯನ್ನೂ ಪಾಠದಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಅಸೆನ್ಶನ್ ರನ್‌ವೇಯನ್ನು ಅಮೆರಿಕದವರು 1942ರಲ್ಲೇ ಕಟ್ಟಿದ್ದರು. ಸೇಂಟ್ ಹೆಲೆನಾದಲ್ಲಿ, ಕಡಿದಾದ ಕಮರಿಗಳ ಅಂಚಿನಲ್ಲಿರುವ ರನ್‌ವೇಯ ಮೇಲೆ ಗಾಳಿಯ ದಿಕ್ಕು ಮತ್ತು ವೇಗ ಹಠಾತ್ತನೆ ಬದಲಾಗುವುದರಿಂದ 2016ರಲ್ಲಿ ಆಗಬೇಕಿದ್ದ ಆರಂಭ ಮುಂದಕ್ಕೆ ಹೋಗಿ, ನಿಗದಿತ ವಿಮಾನಸೇವೆ 2017ರ ಅಕ್ಟೋಬರ್‌ನಲ್ಲಷ್ಟೇ ಶುರುವಾಯಿತು. ಅಲ್ಲಿಂದ ಅಸೆನ್ಶನ್‌ಗೆ ಏರ್ಪಾಡಾದದ್ದು ತಿಂಗಳಿಗೊಂದು ವಿಮಾನ. ಆ ಒಂದು ದಿನ ತಪ್ಪಿದರೆ ಎರಡು ಗಂಟೆಯ ಪ್ರಯಾಣಕ್ಕೆ ಮುಂದಿನ ತಿಂಗಳವರೆಗೆ ಕಾಯಬೇಕಾಗುತ್ತಿತ್ತು. ಮೊದಲು ಆಸರೆಯಾಗಿದ್ದ ಅಂಚೆ ಹಡಗು 2018ರ ಫೆಬ್ರವರಿಯಲ್ಲಿ ಕೊನೆಯ ಯಾನ ಮುಗಿಸಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ತ್ರಿಭುಜದ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಆಮೇಲೆ ಆ ಅರ್ಧ ಗಂಟೆ ಎಲ್ಲಿಂದ ಬಂತೆಂದು ಅವರನ್ನೇ ಕೇಳುತ್ತೇನೆ. ತಿಂಗಳಿಗೊಂದು ವಿಮಾನದ ವಿಷಯ ನನಗೆ ಹೊಳೆದಿರಲೇ ಇಲ್ಲ. ಅದನ್ನು ಎರಡನೆಯ ದಿನದ ಪಾಠಕ್ಕೆ ಇಟ್ಟುಕೊಳ್ಳುತ್ತೇನೆ.