ಕಿಟಕಿಗೆ ಸಿಕ್ಕ ಬಾಲದಿಂದ ಶುರುವಾದ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಿನ್ನೆ ರಾತ್ರಿ ಕಿಟಕಿ ಮುಚ್ಚುವಾಗ ಒಂದು ಹಲ್ಲಿ ಸಿಕ್ಕಿಕೊಂಡಿತು. ನಾನು ನೋಡಿ ಕಿಟಕಿ ತೆಗೆಯುವಷ್ಟರಲ್ಲಿ ಬಾಲ ಕೆಳಗೆ ಬಿದ್ದಿತ್ತು. ಹಲ್ಲಿ ಕಪಾಟಿನ ಹಿಂದೆ ಓಡಿಹೋಯಿತು. ಬಾಲ ಮಾತ್ರ ನಾಲ್ಕೈದು ನಿಮಿಷ ನೆಲದ ಮೇಲೆ ಒದ್ದಾಡಿತು. ತುಂಬಾ ಬೇಜಾರಾಯಿತು. ಹಲ್ಲಿ ಬದುಕುತ್ತಾ? ಆ ಬಾಲಕ್ಕೆ ನೋವಾಗುತ್ತಿತ್ತಾ? ರಕ್ತ ಮಾತ್ರ ಎಲ್ಲೂ ಕಾಣಲಿಲ್ಲ.

ಉತ್ತರ: ಬದುಕುತ್ತದೆ, ಚಿಂತೆ ಬೇಡ. ನೀವು ಬಾಲ ಕತ್ತರಿಸಿಲ್ಲ. ಹಲ್ಲಿಯೇ ಅದನ್ನು ಕಳಚಿಟ್ಟು ಹೋಗಿದೆ. ರಕ್ತ ಕಾಣದಿರುವುದಕ್ಕೂ ಅದೇ ಕಾರಣ.

ಹಲ್ಲಿಯ ಬಾಲದಲ್ಲಿ ಮುರಿಯುವ ಜಾಗ ಹುಟ್ಟುವಾಗಲೇ ಸಿದ್ಧವಾಗಿರುತ್ತದೆ. ಅದು ಎರಡು ಮೂಳೆಗಳ ಸಂದಿಯಲ್ಲಿ ಇರುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬಾಲದ ಒಂದೊಂದು ಬೆನ್ನುಮಣಿಯ ನಡುಮಧ್ಯೆ ಅಡ್ಡಕ್ಕೆ ಒಂದು ದುರ್ಬಲ ಗೆರೆ ಇರುತ್ತದೆ. ಬಾಲ ಸಿಕ್ಕಿಬಿದ್ದಾಗ ಸ್ನಾಯುಗಳು ಜೋರಾಗಿ ಬಿಗಿದು ಮಣಿಯನ್ನು ಆ ಗೆರೆಯಲ್ಲೇ ಎರಡು ಮಾಡುತ್ತವೆ. ರಕ್ತನಾಳದ ಬಾಯಿ ಬಿಗಿದುಕೊಳ್ಳುತ್ತದೆ. ಸ್ನಾಯುಗಳೂ ಹರಿಯುವುದಿಲ್ಲ, ಒಂದರೊಳಗೊಂದು ಕೂತಿದ್ದವು ಬಿಡಿಸಿಕೊಳ್ಳುತ್ತವೆ. 2022ರಲ್ಲಿ ವಿಜ್ಞಾನಿಗಳು ಕಳಚಿದ ಬಾಲದ ತುದಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಅಲ್ಲಿ ಅಣಬೆಯ ಆಕಾರದ ಸಣ್ಣ ಸಣ್ಣ ಕಂಬಗಳು ಒತ್ತಾಗಿ ನಿಂತಿದ್ದವು. ನೇರಕ್ಕೆ ಎಳೆದರೆ ಈ ಜೋಡಣೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸ್ವಲ್ಪ ಬಾಗಿಸಿದರೆ ಸಾಕು, ಬಿಟ್ಟುಕೊಡುತ್ತದೆ. ಓಡಾಡುವಾಗ ಬಾಲ ಬೀಳಬಾರದು, ಬೇಕಾದಾಗ ಉಳಿಯಬಾರದು. ಎರಡೂ ಕೆಲಸ ಒಂದೇ ಜೋಡಣೆಯಿಂದ ಆಗುತ್ತದೆ.

ನೋವಿನ ವಿಷಯ. ನೋವು ಗೊತ್ತಾಗಬೇಕಾದರೆ ಮೆದುಳು ಬೇಕು, ಅದು ಹಲ್ಲಿಯ ಜೊತೆ ಕಪಾಟಿನ ಹಿಂದೆ ಹೋಯಿತು. ಕೆಳಗೆ ಕುಣಿಯುತ್ತಿದ್ದ ಬಾಲದಲ್ಲಿ ಬೆನ್ನುಹುರಿಯ ಒಂದು ತುಂಡು ಮಾತ್ರ ಇತ್ತು. ಬಾಲವನ್ನು ಕುಣಿಸಿದ್ದು ಅದೇ. ಹಿಡಿಯಲು ಬಂದ ಪ್ರಾಣಿ ಕುಣಿಯುವ ಬಾಲವನ್ನು ನೋಡುತ್ತಾ ನಿಲ್ಲುತ್ತದೆ, ಅಷ್ಟರಲ್ಲಿ ಹಲ್ಲಿ ದೂರ ಹೋಗಿರುತ್ತದೆ.

ಆದರೆ ಇದು ಹಲ್ಲಿಗೆ ದೊಡ್ಡ ನಷ್ಟ ಅನ್ನುವುದೂ ನಿಜ. ಬಾಲದಲ್ಲಿ ಕೊಬ್ಬು ಶೇಖರವಾಗಿರುತ್ತದೆ. ಹುಳ ಸಿಗದ ದಿನಗಳಿಗೆ ಅದೇ ಆಧಾರ. ಹೆಣ್ಣಾದರೆ ಮೊಟ್ಟೆ ಕಟ್ಟುವುದಕ್ಕೂ ಅದೇ ಬೇಕು. ಹಾವುರಾಣಿಗಳಲ್ಲಿ ಕೆಲವು ಅಪಾಯ ಕಳೆದ ಮೇಲೆ ತಿರುಗಿ ಬಂದು ತಮ್ಮ ಬಾಲವನ್ನು ತಾವೇ ತಿನ್ನುವುದುಂಟು. ಅಷ್ಟು ಬೆಲೆ ಅದಕ್ಕೆ. ಹಾಗಾಗಿ ನಿಮ್ಮ ಹಲ್ಲಿಯನ್ನು ಕೆಲವು ವಾರ ಓಡಿಸಬೇಡಿ, ಗಾಯಕ್ಕೆ ಏನೂ ಹಚ್ಚಲು ಹೋಗಬೇಡಿ. ಅದರ ಪಾಡಿಗೆ ಬಿಟ್ಟರೆ ಸಾಕು.

ಮರುಪ್ರಶ್ನೆ: ಸಮಾಧಾನ ಆಯಿತು ಮೇಡಂ. ಹೊಸ ಬಾಲ ಮೊದಲಿನ ಹಾಗೇ ಬರುತ್ತಾ? ಒಮ್ಮೆ ಎರಡು ಬಾಲದ ಹಲ್ಲಿ ನೋಡಿದ್ದೆ, ಅದು ಹೇಗೆ?

ಉತ್ತರ: ಬರುತ್ತದೆ, ಆದರೆ ಅದೇ ಬಾಲ ಅಲ್ಲ. ನನ್ನ ಮೇಜಿನ ದೀಪದ ಹತ್ತಿರ ರಾತ್ರಿ ಹೊತ್ತು ಬರುವ ಒಂದು ಹಲ್ಲಿ ಇದೆ. ಅದರ ಬಾಲದ ಬುಡದಲ್ಲಿ ಸಾಲಾಗಿ ಸಣ್ಣ ಮುಳ್ಳಿನಂಥ ಗಂಟುಗಳಿವೆ. ಸ್ವಲ್ಪ ದೂರಕ್ಕೆ ಆ ಗಂಟುಗಳು ನಿಂತುಬಿಡುತ್ತವೆ. ಅಲ್ಲಿಂದ ಮುಂದೆ ಚರ್ಮ ನುಣುಪು, ಬಣ್ಣ ಮಾಸಲು, ಆಕಾರ ಗಿಡ್ಡ. ಗಡಿ ಎಲ್ಲಿದೆ ಅಂತ ಬರಿಗಣ್ಣಿಗೇ ಕಾಣುತ್ತದೆ. ಆ ಹೊಸ ಭಾಗದೊಳಗೆ ಬೆನ್ನುಮಣಿಗಳಿಲ್ಲ. ನಮ್ಮ ಕಿವಿಯಲ್ಲಿ ಇರುವಂಥ ಮೆದುಮೂಳೆಯ ಒಂದು ಕೊಳವೆ ಇದೆ. ಕೊಳವೆಯಲ್ಲಿ ಮುರಿಯುವ ಗೆರೆ ಇರುವುದಿಲ್ಲ. ಇನ್ನೊಮ್ಮೆ ಬಾಲ ಬಿಡಬೇಕಾದರೆ ಹಳೆಯ ಮೂಳೆ ಉಳಿದಿರುವ ಕಡೆಯೇ, ಅಂದರೆ ಬುಡಕ್ಕೆ ಇನ್ನಷ್ಟು ಹತ್ತಿರ, ಮುರಿಯಬೇಕು. ಅದಕ್ಕೇ ಹಲ್ಲಿ ಮೊದಲ ಸಲ ಆದಷ್ಟು ಕಡಿಮೆ ಬಾಲ ಕಳೆದುಕೊಂಡರೆ ಮುಂದಕ್ಕೆ ಒಳ್ಳೆಯದು.

ಎರಡು ಬಾಲ ಬರುವುದು ಅರ್ಧ ಮುರಿದಾಗ. ಹಳೆಯದು ಬೀಳದೆ ಹಾಗೇ ಉಳಿಯುತ್ತದೆ, ಗಾಯವಾದ ಕಡೆಯಿಂದ ಹೊಸದೂ ಚಿಗುರುತ್ತದೆ.

ಎಲ್ಲ ಹಲ್ಲಿಜಾತಿಗೂ ಈ ಶಕ್ತಿ ಇಲ್ಲ ಅನ್ನುವುದು ನೆನಪಿರಲಿ. ಓತಿಕ್ಯಾತ, ಗೋಸುಂಬೆ ಇವುಗಳ ಬಾಲ ತುಂಡಾದರೆ ಮತ್ತೆ ಬರುವುದಿಲ್ಲ.

ಪ್ರಶ್ನೆ: ಹಲ್ಲಿ ಗಾಜಿನ ಮೇಲೆ ಹೇಗೆ ನಿಲ್ಲುತ್ತದೆ? ಕಾಲಲ್ಲಿ ಅಂಟು ಇರುತ್ತದೆ ಅಲ್ವಾ? ಅಥವಾ ರಬ್ಬರ್ ಬಟ್ಟಲಿನ ಹಾಗೆ ಗಾಳಿ ಎಳೆದು ಹಿಡಿಯುತ್ತದಾ?

ಉತ್ತರ: ಎರಡೂ ಅಲ್ಲ. ಅಂಟು ಇದ್ದಿದ್ದರೆ ಗಾಜಿನ ಮೇಲೆ ಕಲೆ ಉಳಿಯಬೇಕಿತ್ತು, ಧೂಳು ಮೆತ್ತಿ ಕಾಲು ಕೆಲಸಕ್ಕೆ ಬಾರದ ಹಾಗಾಗಬೇಕಿತ್ತು. ಗಾಳಿ ಎಳೆಯುವುದಾದರೆ ಗಾಳಿ ಇಲ್ಲದ ಕಡೆ ಬೀಳಬೇಕಿತ್ತು. ನಿರ್ವಾತದಲ್ಲೂ ಅದರ ಹಿಡಿತ ಸಡಿಲವಾಗುವುದಿಲ್ಲ.

ಬೆರಳಿನ ಅಡಿಯಲ್ಲಿ ಮಡಿಕೆ ಮಡಿಕೆಯಾದ ಪಟ್ಟಿಗಳಿವೆ. ಒಂದೊಂದು ಪಟ್ಟಿಯ ಮೇಲೂ ಕಣ್ಣಿಗೆ ಕಾಣದ ಕೂದಲುಗಳಿವೆ. ಟೋಕೆ ಅನ್ನುವ ದೊಡ್ಡ ಹಲ್ಲಿಯ ಒಂದು ಪಾದದಲ್ಲಿ ಇಂಥ ಕೂದಲು ಸುಮಾರು 5 ಲಕ್ಷ. ಒಂದೊಂದು ಕೂದಲಿನ ತುದಿ ಮತ್ತೆ ನೂರಾರು ಎಳೆಗಳಾಗಿ ಒಡೆಯುತ್ತದೆ. ಕೊನೆಯ ಎಳೆಯ ಅಗಲ ಸುಮಾರು 200 ನ್ಯಾನೋಮೀಟರ್ (ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್). ಅಷ್ಟು ಸಣ್ಣದಾದಾಗ ಅದು ಗೋಡೆಗೆ ಎಷ್ಟು ಹತ್ತಿರ ಹೋಗುತ್ತದೆ ಅಂದರೆ, ಎಳೆಯ ಅಣುಗಳೂ ಗೋಡೆಯ ಅಣುಗಳೂ ಒಂದನ್ನೊಂದು ಸೆಳೆಯುತ್ತವೆ. ಇದಕ್ಕೆ ವಾನ್ ಡರ್ ವಾಲ್ಸ್ ಬಲ ಅನ್ನುತ್ತಾರೆ. ಒಂದು ಎಳೆಯ ಬಲ ಏನೂ ಅಲ್ಲ. ಎಲ್ಲ ಸೇರಿದರೆ ಹಲ್ಲಿಯ ತೂಕ ಹೊತ್ತು ಇನ್ನೂ ಎಷ್ಟೋ ಉಳಿಯುತ್ತದೆ. ಕೆಲ್ಲರ್ ಆಟಮ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 2000ದಲ್ಲಿ ಒಂದೇ ಒಂದು ಕೂದಲಿನ ಹಿಡಿತವನ್ನು ಅಳೆದರು, 2002ರಲ್ಲಿ ಅದು ಈ ಬಲವೇ ಅಂತ ತೋರಿಸಿದರು.

ನನಗೆ ಹಿಡಿಯುವುದಕ್ಕಿಂತ ಬಿಡಿಸುವುದೇ ಹೆಚ್ಚು ಅಚ್ಚರಿ. ರಾತ್ರಿ ಹಲ್ಲಿ ಕಿಟಕಿಯ ಗಾಜಿನ ಹೊರಗಡೆ ಇದ್ದಾಗ ನೀವು ಒಳಗಿನಿಂದ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ನಾವು ಕಾಲನ್ನು ಹಿಮ್ಮಡಿಯಿಂದ ಎತ್ತುತ್ತೇವೆ. ಅದು ಮೊದಲು ಬೆರಳ ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಸುರುಳಿ ಮಾಡುತ್ತದೆ, ಆಮೇಲೆ ಪಾದ ಏಳುತ್ತದೆ. ಟೇಪನ್ನು ತುದಿಯಿಂದ ಸುಲಿಯುವ ಹಾಗೆ. ಕೂದಲಿನ ಕೋನ ಬದಲಾದ ಕೂಡಲೇ ಹಿಡಿತ ತಾನಾಗಿ ಬಿಡುತ್ತದೆ, ಬಲವೇ ಬೇಡ. ಇಳಿಯುವಾಗ ಮತ್ತೆ ಬೆರಳು ಬಿಚ್ಚಿಕೊಳ್ಳುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಸಲ ಇಷ್ಟೂ ನಡೆಯುತ್ತದೆ.

ಪ್ರಶ್ನೆ: ಏಳು ವರ್ಷದ ಮಗಳ ಪ್ರಶ್ನೆ ಮೇಡಂ. ಹಲ್ಲಿ ತನ್ನ ಕಣ್ಣನ್ನು ತಾನೇ ಯಾಕೆ ನೆಕ್ಕುತ್ತದೆ?

ಉತ್ತರ: ಪುಟ್ಟಿಗೆ ಹೇಳಿ, ಅದಕ್ಕೆ ನಮ್ಮ ಹಾಗೆ ಮುಚ್ಚಿ ತೆಗೆಯುವ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಕನ್ನಡಕದ ಗಾಜಿನಂಥ ಪಾರದರ್ಶಕ ಪೊರೆ ಇದೆ. ಅದಕ್ಕೆ ಧೂಳು ಕೂತರೆ ಒರೆಸಲು ನಾಲಿಗೆಯೇ ಬಟ್ಟೆ. ಹಾವಿಗೂ ಇಂಥದೇ ಪೊರೆ ಇದೆ. ಪೊರೆ ಬಿಡುವಾಗ ಕಣ್ಣಿನ ಮೇಲಿನದೂ ಕಳಚಿ ಬರುತ್ತದೆ. ಹಾವು ಬಿಟ್ಟ ಪೊರೆ ಸಿಕ್ಕರೆ ತಲೆಯ ಭಾಗ ನೋಡಲು ಹೇಳಿ, ಎರಡು ಪುಟ್ಟ ಗುಂಡು ಗಾಜಿನ ಹಾಗೆ ಕಾಣುತ್ತದೆ.

ಪ್ರಶ್ನೆ: ಗೋಡೆ ಮೇಲಿನ ಓತಿಕ್ಯಾತ ನನ್ನನ್ನು ನೋಡಿ ದಂಡ ಹೊಡೆಯುತ್ತದೆ. ಕತ್ತು ಪೂರ್ತಿ ಕೆಂಪು. ರಕ್ತ ಹೀರುತ್ತದೆ ಅಂತಾರಲ್ಲ, ನಿಜವಾ?

ಉತ್ತರ: ರಕ್ತದ ಮಾತು ಸುಳ್ಳು. ಆ ಕೆಂಪು ಬಣ್ಣ ನೋಡಿಯೇ ಹುಟ್ಟಿದ ಮಾತು ಅದು. ಅದು ತಿನ್ನುವುದು ಹುಳಹುಪ್ಪಟೆ. ನೀವು ನೋಡಿದ್ದು ಗಂಡು, ಬೆದೆಯ ಕಾಲದಲ್ಲಿ ಅದರ ತಲೆ ಕತ್ತು ಕೆಂಪೇರುತ್ತದೆ.

ದಂಡ ಹೊಡೆಯುವುದು ಮಾತಾಡುವ ರೀತಿ. 'ಈ ಜಾಗ ನನ್ನದು' ಅಂತ ಬೇರೆ ಗಂಡಿಗೆ, 'ನಾನಿಲ್ಲಿದ್ದೇನೆ' ಅಂತ ಹೆಣ್ಣಿಗೆ. ಜಗಳಕ್ಕೆ ಇಳಿದರೆ ಇಬ್ಬರಿಗೂ ಗಾಯ, ಶಕ್ತಿಯೂ ಖರ್ಚು. ಎದುರಿನವನ ದಂಡ ನೋಡಿಯೇ ಅವನ ತಾಕತ್ತು ಗೊತ್ತಾದರೆ ಸೋಲುವವನು ಮೊದಲೇ ಹಿಂದೆ ಸರಿಯಬಹುದು. ಸರೀಸೃಪಗಳು ಮೈಯ ಬಿಸಿಯನ್ನು ತಾವೇ ತಯಾರಿಸುವುದಿಲ್ಲ, ಬಿಸಿಲಿನಿಂದ ಪಡೆಯುತ್ತವೆ. ಹಾಗಾಗಿ ಅಷ್ಟೇ ತೂಕದ ಇಲಿಗೆ ಬೇಕಾದ ಆಹಾರದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಸಾಕು. ಆ ಸ್ವಲ್ಪದರಲ್ಲೇ ಎಲ್ಲ ಕೆಲಸ ಆಗಬೇಕು.

ಹತ್ತಿರ ಹೋಗಲು ಬಿಟ್ಟರೆ ಅದರ ನೆತ್ತಿ ನೋಡಿ. ಹುರುಪೆಗಳ ನಡುವೆ ಒಂದು ಸಣ್ಣ ಚುಕ್ಕೆ ಇರುತ್ತದೆ. ಅದು ಮೂರನೆಯ ಕಣ್ಣು. ಸುಮ್ನೆ ಹೇಳುತ್ತಿಲ್ಲ, ಅದಕ್ಕೆ ಮಸೂರವೂ ಇದೆ, ಬೆಳಕು ಅರಿಯುವ ಪದರವೂ ಇದೆ. ಚಿತ್ರ ಕಾಣುವುದಿಲ್ಲ, ಬೆಳಕು ಎಷ್ಟಿದೆ ಅಂತ ತಿಳಿಯುತ್ತದೆ. 1958ರಲ್ಲಿ ಸ್ಟೆಬಿನ್ಸ್ ಮತ್ತು ಈಕಿನ್ ಎಂಬ ವಿಜ್ಞಾನಿಗಳು ಅಮೆರಿಕದ ಒಂದು ಹಲ್ಲಿಜಾತಿಯಲ್ಲಿ ಈ ಕಣ್ಣು ತೆಗೆದು ನೋಡಿದರು. ಅವು ಬಿಸಿಲಲ್ಲಿ ಕಳೆಯುವ ಹೊತ್ತು ಜಾಸ್ತಿಯಾಯಿತು. ಬಿಸಿಲಿನ ಅಳತೆ ತಪ್ಪಿತ್ತು. ಮನೆಹಲ್ಲಿಗೆ ಈ ಕಣ್ಣಿಲ್ಲ.

ಮರುಪ್ರಶ್ನೆ: ಓಡಿಸಿದರೆ ಸ್ವಲ್ಪ ಓಡಿ ನಿಲ್ಲುತ್ತದೆ, ಮತ್ತೆ ಓಡಿ ನಿಲ್ಲುತ್ತದೆ. ತಿರುಗಿ ನೋಡಲಿಕ್ಕಾ?

ಉತ್ತರ: ನೋಡುವುದೂ ಇದೆ, ಉಸಿರಾಡುವುದೂ ಇದೆ. ಹಲ್ಲಿಜಾತಿ ಓಡುವಾಗ ಮೈಯನ್ನು ಎಡಕ್ಕೂ ಬಲಕ್ಕೂ ಬಳುಕಿಸುತ್ತದೆ. ಪಕ್ಕೆಯ ಅದೇ ಸ್ನಾಯುಗಳು ಉಸಿರಾಟಕ್ಕೂ ಬೇಕು. ಎರಡನ್ನೂ ಒಟ್ಟಿಗೆ ಚೆನ್ನಾಗಿ ಮಾಡಲು ಆಗುವುದಿಲ್ಲ. 1987ರಲ್ಲಿ ಡೇವಿಡ್ ಕ್ಯಾರಿಯರ್ ಎಂಬ ವಿಜ್ಞಾನಿ ಇದನ್ನು ವಿವರಿಸಿದರು. ಉಡ ಮಾತ್ರ ಇದಕ್ಕೆ ದಾರಿ ಕಂಡುಕೊಂಡಿದೆ. ಅದು ಗಂಟಲಿನ ಚೀಲ ಹಿಗ್ಗಿಸಿ ಕುಗ್ಗಿಸಿ ಗಾಳಿಯನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ, ಹಾಗಾಗಿ ದೂರದವರೆಗೆ ನಡೆಯಬಲ್ಲದು.

ಪ್ರಶ್ನೆ: ಹಲ್ಲಿಯ ಕತ್ತಿನ ಎರಡೂ ಬದಿ ಬಿಳಿ ಗಡ್ಡೆ ಇದೆ. ಕಾಯಿಲೆಯಾ? ಇನ್ನೊಂದು, ಹಲ್ಲಿ ವಿಷ ಅಲ್ವಾ?

ಉತ್ತರ: ಕಾಯಿಲೆ ಅಲ್ಲ, ಕ್ಯಾಲ್ಸಿಯಂ ಚೀಲ. ಮೊಟ್ಟೆಯ ಚಿಪ್ಪಿಗೆ ಬೇಕಾಗುತ್ತದೆ ಅಂತ ಹೆಣ್ಣು ಅಲ್ಲಿ ಕೂಡಿಟ್ಟಿರುತ್ತದೆ. ಹೊಟ್ಟೆಯ ಕಡೆಯಿಂದ ಬೆಳಕಲ್ಲಿ ನೋಡಿದರೆ ಬಿಳಿ ಮೊಟ್ಟೆಗಳೂ ಕಾಣಬಹುದು.

ಮನೆಹಲ್ಲಿಗೆ ವಿಷ ಇಲ್ಲ. ಅದರ ಮೈಯಲ್ಲಿ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಆಹಾರಕ್ಕೆ ಬಿದ್ದರೆ ಚೆಲ್ಲಿಬಿಡಿ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ. ಹಿಕ್ಕೆಯ ತುದಿಯ ಬಿಳಿ ಚುಕ್ಕೆ ಅದರ ಮೂತ್ರ. ನೀರು ಉಳಿಸಲು ಗಟ್ಟಿ ಮಾಡಿಯೇ ಹೊರಗೆ ಹಾಕುತ್ತದೆ.

ನಿಜವಾಗಿ ವಿಷ ಇರುವ ಹಲ್ಲಿಗಳೂ ಇವೆ. ಉತ್ತರ ಅಮೆರಿಕದ ಗಿಲಾ ಮಾನ್‌ಸ್ಟರ್ ಒಂದು. ಅದರ ಜೊಲ್ಲಿನ ಒಂದು ಅಂಶವನ್ನು ನೋಡಿ ತಯಾರಿಸಿದ ಎಕ್ಸೆನಟೈಡ್ ಎಂಬ ಸಕ್ಕರೆ ಕಾಯಿಲೆಯ ಔಷಧಕ್ಕೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಪ್ರಶ್ನೆ: ಮೇಡಂ, ಅರ್ಜೆಂಟ್. ಹಳೆಯ ಪುಸ್ತಕದ ಪೆಟ್ಟಿಗೆ ಸರಿಸಿದಾಗ ಬಟಾಣಿಯಷ್ಟು ದಪ್ಪದ ಎರಡು ಬಿಳಿ ಮೊಟ್ಟೆ ಉರುಳಿದವು. ಹಲ್ಲಿಯದೇ ಇರಬೇಕು. ಏನು ಮಾಡಲಿ? ಕೋಳಿಮೊಟ್ಟೆಯ ಹಾಗೆ ಆಗಾಗ ತಿರುಗಿಸಬೇಕಾ?

ಉತ್ತರ: ತಿರುಗಿಸಲೇಬೇಡಿ! ಹಕ್ಕಿಯ ಮೊಟ್ಟೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಹಕ್ಕಿಯ ಮೊಟ್ಟೆಯಲ್ಲಿ ಹಳದಿಯನ್ನು ಎರಡು ಕಡೆಯಿಂದ ಹುರಿಯಂಥ ಎಳೆಗಳು ಹಿಡಿದಿರುತ್ತವೆ, ಹೇಗೆ ಉರುಳಿಸಿದರೂ ಭ್ರೂಣ ಮೇಲಕ್ಕೇ ಬರುತ್ತದೆ. ಸರೀಸೃಪದ ಮೊಟ್ಟೆಯಲ್ಲಿ ಆ ಎಳೆಗಳಿಲ್ಲ. ಇಟ್ಟ ಒಂದೆರಡು ದಿನದಲ್ಲಿ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ತಲೆಕೆಳಗಾಗಿ ಉಳಿದರೆ ಸಾಯಬಹುದು.

ಈಗ ಹೀಗೆ ಮಾಡಿ. ಕತ್ತಲಲ್ಲಿ ಮೊಟ್ಟೆಯ ಹಿಂದೆ ಸಣ್ಣ ಟಾರ್ಚ್ ಹಿಡಿಯಿರಿ. ಒಳಗೆ ಗುಲಾಬಿ ಬಣ್ಣ, ಕೆಂಪು ದಾರದಂಥ ನಾಳ ಕಂಡರೆ ಜೀವ ಇದೆ. ನಾಳಗಳು ಹೆಚ್ಚು ಕಾಣುವ ಬದಿಯನ್ನು ಮೇಲಕ್ಕಿಟ್ಟು ಪೆನ್ಸಿಲ್ಲಿನಿಂದ ಗುರುತು ಹಾಕಿ. ಒಂದು ಡಬ್ಬಿಯಲ್ಲಿ ಬಟ್ಟೆ ಹಾಸಿ, ಎರಡನ್ನೂ ಹಾಗೇ ಕೂರಿಸಿ, ಸಿಕ್ಕಿದ ಜಾಗದ ಹತ್ತಿರವೇ ಇಡಿ. ಮುಚ್ಚಳ ಬೇಡ, ನೇರ ಬಿಸಿಲು ಬೇಡ. ತಾಯಿ ಕಾವು ಕೊಡಲು ಬರುವುದಿಲ್ಲ, ಕೋಣೆಯ ಬಿಸಿಯೇ ಕಾವು. ಸುಮಾರು ಒಂದೂವರೆಯಿಂದ ಎರಡು ತಿಂಗಳು ಹಿಡಿಯುತ್ತದೆ.

ಇನ್ನೊಬ್ಬರ ಪ್ರಶ್ನೆ: ಕಾವಿನ ಬಿಸಿ ಹೆಚ್ಚುಕಡಿಮೆ ಆದರೆ ಗಂಡು ಹೆಣ್ಣು ಬದಲಾಗುತ್ತದಂತೆ, ಹೌದಾ?

ಉತ್ತರ: ಎಲ್ಲದರಲ್ಲೂ ಅಲ್ಲ, ಬಹಳಷ್ಟರಲ್ಲಿ ಹೌದು. 1966ರಲ್ಲಿ ಸೆನೆಗಲ್‌ನ ಡಾಕಾರ್‌ನಲ್ಲಿ ಮದಲೀನ್ ಶಾರ್ನಿಯೆ ಎಂಬ ವಿಜ್ಞಾನಿ ಇದನ್ನು ಮೊದಲು ಕಂಡದ್ದು ಓತಿಕ್ಯಾತದ ನೆಂಟನಾದ ಅಗಾಮ ಎಂಬ ಹಲ್ಲಿಯಲ್ಲಿ. ಎಲ್ಲ ಮೊಸಳೆಗಳಲ್ಲೂ ಹೀಗೆಯೇ. ಮಗ್ಗರ್ ಮೊಸಳೆಯ ಮೊಟ್ಟೆ 31 ಡಿಗ್ರಿವರೆಗೆ ಇದ್ದರೆ ಹೆಣ್ಣು, 32.5 ಡಿಗ್ರಿಯ ಹತ್ತಿರ ಗಂಡು. ಒಂದೂವರೆ ಡಿಗ್ರಿ ಅಷ್ಟೇ ಅಂತರ. ಕಡಲಾಮೆಗಳಲ್ಲಿ ಮರಳು ಬಿಸಿಯಾದಷ್ಟೂ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಬಿಸಿ ದಡಗಳಲ್ಲಿ ಹುಟ್ಟಿದ ಹಸಿರು ಕಡಲಾಮೆಯ ಎಳೆಯವುಗಳಲ್ಲಿ 100ಕ್ಕೆ 99ಕ್ಕಿಂತ ಹೆಚ್ಚು ಹೆಣ್ಣು ಅಂತ 2018ರಲ್ಲಿ ಗೊತ್ತಾಯಿತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆಮೆಗಳು ನಿಧಾನವಾಗಿ ಬೆಳೆಯುತ್ತವೆ, ಗಂಡುಗಳ ಕೊರತೆ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ದಶಕಗಳೇ ಕಳೆದಿರುತ್ತವೆ.

ಮೊಟ್ಟೆ ಸಿಕ್ಕಿದವರಿಂದ, 41 ದಿನಗಳ ನಂತರ: ಮೇಡಂ, ಇವತ್ತು ಬೆಳಗ್ಗೆ ಒಂದು ಚಿಪ್ಪು ಒಡೆದಿದೆ! ಮರಿ ಡಬ್ಬಿಯ ಅಂಚಿನಲ್ಲಿ ಕೂತಿದೆ. ನನ್ನ ಕಿರುಬೆರಳಿಗಿಂತ ಚಿಕ್ಕದು, ಬಾಲ ಪಟ್ಟೆ ಪಟ್ಟೆ. ಇನ್ನೊಂದು ಮೊಟ್ಟೆ ಹಾಗೇ ಇದೆ, ಟಾರ್ಚ್ ಹಿಡಿದರೆ ಒಳಗೆ ಕಪ್ಪು. ಹಾಳಾಯಿತಾ? ಮರಿಗೆ ಏನು ಕೊಡಲಿ?

ಉತ್ತರ: ಎಷ್ಟು ಖುಷಿಯ ಸುದ್ದಿ! ಮರಿಗೆ ಏನೂ ಕೊಡಬೇಡಿ. ಹುಟ್ಟುವ ಮೊದಲು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ, ಒಂದೆರಡು ದಿನಕ್ಕೆ ಅದು ಸಾಕು. ಕೈಯಲ್ಲಿ ಹಿಡಿಯಬೇಡಿ, ಮರಿಯೂ ಹೆದರಿದರೆ ಬಾಲ ಬಿಡುತ್ತದೆ. ಕತ್ತಲಾದ ಮೇಲೆ ತಾನೇ ಗೋಡೆ ಹತ್ತುತ್ತದೆ.

ಇನ್ನೊಂದು ಮೊಟ್ಟೆಯಲ್ಲಿ ಕಪ್ಪು ಕಂಡರೆ ಹಾಳಾಗಿದೆ ಅಂತಲ್ಲ, ಮರಿ ಒಳಗೆ ತುಂಬಿಕೊಂಡರೆ ಬೆಳಕು ದಾಟುವುದಿಲ್ಲ. ಚಿಪ್ಪು ಕುಗ್ಗಿಲ್ಲ, ವಾಸನೆ ಇಲ್ಲ ಅಂದರೆ ಇನ್ನೂ ಹತ್ತು ಹದಿನೈದು ದಿನ ಕಾಯಿರಿ. ನೀವು ಒಡೆದು ಸಹಾಯ ಮಾಡಲು ಹೋಗಬೇಡಿ. ಹಲ್ಲಿಮರಿಯ ಮೇಲ್ದವಡೆಯ ತುದಿಯಲ್ಲಿ ಚಿಪ್ಪು ಸೀಳಲೆಂದೇ ಎರಡು ಪುಟ್ಟ ಹಲ್ಲುಗಳಿರುತ್ತವೆ, ಹೊರಗೆ ಬಂದ ಮೇಲೆ ಬಿದ್ದುಹೋಗುತ್ತವೆ. ಖಾಲಿ ಚಿಪ್ಪನ್ನು ಎಸೆಯದೆ ಸೀಳಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಎರಡನೆಯದು ಬಂದಾಗ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.