ಇಂಜೆಕ್ಷನ್ ಕಿತ್ತು ಕಾರ್ಬೊರೇಟರ್ ಕೂರಿಸಬಹುದಾ? ಮಾಡಿದವರು ಹೇಳಿ

ಕೇಳಿದವರು:
ನನ್ನ ಹತ್ತಿರ 1971ರ ವೋಲ್ವೊ 1800ಇ ಇದೆ. ಎಂಜಿನ್ ಬಿ20ಇ, ಇಂಜೆಕ್ಷನ್ (ಪೆಟ್ರೋಲನ್ನು ಎಲೆಕ್ಟ್ರಾನಿಕ್ ಆಗಿ ಅಳೆದು ಚಿಮ್ಮಿಸುವ ವ್ಯವಸ್ಥೆ) ಬಾಷ್ ಕಂಪನಿಯ ಡಿ-ಜೆಟ್ರಾನಿಕ್. ಎರಡು ತಿಂಗಳಿಂದ ಕಪ್ಪು ಹೊಗೆ, ಪ್ಲಗ್ ತೆಗೆದರೆ ಬರೀ ಮಸಿ. ಪೆಟ್ರೋಲ್ ಅಂತೂ ನೀರು ಕುಡಿದ ಹಾಗೆ ಕುಡಿಯುತ್ತಿದೆ. ಮೂವರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಮೂವರದ್ದೂ ಒಂದೇ ಮಾತು: "ಇದರ ಸಹವಾಸ ಬೇಡ, ಕಿತ್ತು ಎರಡು ಕಾರ್ಬೊರೇಟರ್ ಹಾಕಿ." ಕಾರ್ಬೊರೇಟರ್ ಅಂದರೆ ಗಾಳಿಯ ಎಳೆತದಿಂದಲೇ ಪೆಟ್ರೋಲ್ ಬೆರೆಸುವ ಹಳೇ ಪದ್ಧತಿ. ಹಾಗೆ ಮಾಡಿದವರು ಯಾರಾದರೂ ಇದ್ದೀರಾ? ಆಮೇಲೆ ಪಶ್ಚಾತ್ತಾಪ ಆಯಿತಾ?

ಆರು ವರ್ಷದಿಂದ ಕಾರ್ಬೊರೇಟರ್‌ನಲ್ಲೇ ಓಡಿಸುತ್ತಿರುವವರು:
ಮಾಡಿದ್ದೇನೆ, ಇದೇ ಎಂಜಿನ್‌ಗೆ. ಹೊಸ ಸಾಹಸ ಏನಲ್ಲ. 1969ರಲ್ಲಿ ಇದೇ ಕಾರು 1800ಎಸ್ ಹೆಸರಲ್ಲಿ ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್ ಹೊತ್ತೇ ಬರುತ್ತಿತ್ತು. ಹಾಗಾಗಿ ಆ ಎಂಜಿನ್ನಿನ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ), ಲಿಂಕೇಜ್ (ಆಕ್ಸಿಲರೇಟರ್ ಜೋಡಿಸುವ ಸರಳುಗಳು) ಹುಡುಕಿದರೆ ಸಿಗುತ್ತವೆ.

ಆದರೆ ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. "ಪಂಪು ಚೆನ್ನಾಗಿದೆಯಲ್ಲ" ಅಂತ ಇಂಜೆಕ್ಷನ್ ಪಂಪನ್ನೇ ಉಳಿಸಿಕೊಂಡೆ. ಅದು ತಳ್ಳುವುದು ಸುಮಾರು 2 ಬಾರ್ ಒತ್ತಡದಲ್ಲಿ. ಎಸ್‌ಯುಗೆ ಬೇಕಾಗಿದ್ದು ಅದರ ಹತ್ತನೇ ಒಂದು ಪಾಲು. ಕೀ ತಿರುಗಿಸಿದೆ, ಫ್ಲೋಟ್ ಚೇಂಬರ್ ಅನ್ನೋ ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲಿನ ಓವರ್‌ಫ್ಲೋ ಪೈಪಿಂದ ಪೆಟ್ರೋಲ್ ಸುರಿಯಿತು. ಅದರ ಕೆಳಗೇ ಇರುವುದು ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಎಂಜಿನ್ ತಣ್ಣಗಿತ್ತು, ಬಚಾವಾದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಇಂಜೆಕ್ಷನ್ ಇದ್ದಾಗ ಪಂಪು ನಡೆಯಬೇಕೋ ಬೇಡವೋ ಅನ್ನುವುದನ್ನು ಕಂಟ್ರೋಲ್ ಯೂನಿಟ್ ಅನ್ನೋ ಎಲೆಕ್ಟ್ರಾನಿಕ್ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಕೀ ಹಾಕಿದಾಗ ಒಂದೆರಡು ಸೆಕೆಂಡ್ ಓಡಿಸಿ ನಿಲ್ಲಿಸುತ್ತದೆ, ಎಂಜಿನ್ ತಿರುಗಿದರೆ ಮಾತ್ರ ಮತ್ತೆ ಓಡಿಸುತ್ತದೆ. ಆ ಯೂನಿಟ್ ತೆಗೆದು ಪಂಪನ್ನು ನೇರವಾಗಿ ಕೀಗೆ ಕೊಟ್ಟರೆ, ಗಾಡಿ ಗುದ್ದಿ ಎಂಜಿನ್ ನಿಂತರೂ ಪಂಪು ಓಡುತ್ತಲೇ ಇರುತ್ತದೆ. ಕಡಿಮೆ ಒತ್ತಡದ ಪಂಪು ಹಾಕಿ, ಜೊತೆಗೆ ಎಂಜಿನ್ ನಿಂತರೆ ಪಂಪು ಕಟ್ ಮಾಡುವ ಆಯಿಲ್ ಪ್ರೆಶರ್ ಸ್ವಿಚ್ಚೋ ಗುದ್ದಿದರೆ ಕಟ್ ಆಗುವ ಸ್ವಿಚ್ಚೋ ಕೊಡಿ. ಇದರಲ್ಲಿ ಜಿಪುಣತನ ಬೇಡ.

ಎಂಜಿನ್ ಹೆಡ್‌ನಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕೂರುವ ನಾಲ್ಕು ತೂತುಗಳನ್ನು ಸರಿಯಾಗಿ ಮುಚ್ಚಬೇಕು. ಬ್ರೇಕ್ ಬೂಸ್ಟರ್‌ನ ವ್ಯಾಕ್ಯೂಮ್ ಪೈಪಿಗೆ ಹೊಸ ಮ್ಯಾನಿಫೋಲ್ಡ್‌ನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ಚೋಕ್ ಕೇಬಲ್ ಹೊಸದಾಗಿ ಎಳೆಯಬೇಕು.

ಪಶ್ಚಾತ್ತಾಪ ಇಲ್ಲ. ಎರಡು ಕಾರ್ಬೊರೇಟರ್‌ಗೂ ಒಂದೊಂದು ಸಲ ರಬ್ಬರ್ ಪೈಪ್ ಹಿಡಿದು, ಇನ್ನೊಂದು ತುದಿ ಕಿವಿಗಿಟ್ಟು, "ಸ್ಸ್" ಅನ್ನೋ ಸದ್ದು ಎರಡರಲ್ಲೂ ಒಂದೇ ಆಗುವ ತನಕ ತಿರುಪು ತಿರುಗಿಸುವುದು ನನಗೆ ಭಾನುವಾರದ ಧ್ಯಾನ. ಆ ಸುಖ ಕಂಪ್ಯೂಟರ್ ಕೊಡಲ್ಲ.

ಹಳೇ ಗಾಡಿಗಳ ಗ್ಯಾರೇಜ್ ಇಟ್ಟುಕೊಂಡವರು:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಸರ್, ಮೊದಲು ಒಂದು ಮಾತು. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ, ಅಷ್ಟೇ. ಯಾಕೆ ಅಂತ ಆ ಮೂವರಲ್ಲಿ ಒಬ್ಬರಾದರೂ ಅಳೆದರಾ? ಪ್ರೆಶರ್ ಗೇಜ್ ಹಾಕಿದರಾ?

ಡಿ-ಜೆಟ್ರಾನಿಕ್ 1967ರಿಂದ ಇದೆ. ಅದರಲ್ಲಿ ಕೆಡುವ ಜಾಗಗಳು ಕೈಬೆರಳಲ್ಲಿ ಎಣಿಸುವಷ್ಟೇ. ಒಂದು, ಕೂಲೆಂಟ್ ಟೆಂಪರೇಚರ್ ಸೆನ್ಸರ್. ಅದು ತಣ್ಣಗಿದ್ದಾಗ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಂತೆ ಇಳಿಯುತ್ತದೆ. 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಕಿಲೊಓಮ್ ತೋರಿಸಬೇಕು. ಅದರ ಕನೆಕ್ಟರ್ ಕಿಲುಬು ಹಿಡಿದರೆ ಎಂಜಿನ್ ಇನ್ನೂ ಚಳಿಯಲ್ಲಿದೆ ಅಂತ ಯೂನಿಟ್ ಅಂದುಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕನೆಕ್ಟರ್ ಕ್ಲೀನ್ ಮಾಡಿದ್ದಕ್ಕೇ ಹೊಗೆ ನಿಂತ ಗಾಡಿ ನೋಡಿದ್ದೇನೆ.

ಎರಡು, ಮ್ಯಾನಿಫೋಲ್ಡ್ ಪ್ರೆಶರ್ ಸೆನ್ಸರ್. ಮ್ಯಾನಿಫೋಲ್ಡ್‌ಗೆ ಪೈಪ್ ಜೋಡಿಸಿ, ಒಳಗಿನ ಗಾಳಿಯ ಒತ್ತಡದಿಂದ ಎಂಜಿನ್ ಮೇಲಿನ ಭಾರ ತಿಳಿಯುವ ಒಂದು ಡಬ್ಬಿ ಅದು. ಒಳಗೆ ತೆಳ್ಳಗಿನ ಲೋಹದ ಡಯಾಫ್ರಮ್ ಇರುತ್ತದೆ. ಅದು ಸೀಳಿದರೆ ಎಂಜಿನ್ ಮೇಲೆ ಯಾವಾಗಲೂ ಭಾರ ಇದೆ ಅನ್ನುವ ಹಾಗೆ ಪೆಟ್ರೋಲ್ ಹೋಗುತ್ತದೆ. ಪರೀಕ್ಷೆಗೆ ದುಡ್ಡು ಬೇಡ. ಸ್ವಚ್ಛವಾದ ಚಿಕ್ಕ ಪೈಪ್ ಸಿಕ್ಕಿಸಿ ಬಾಯಲ್ಲಿ ಗಾಳಿ ಎಳೆಯಿರಿ, ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಚೆನ್ನಾಗಿದ್ದರೆ ನಾಲಿಗೆ ಅಂಟಿಕೊಂಡೇ ಇರುತ್ತದೆ.

ಇನ್ನು ಐವತ್ತು ವರ್ಷದ ರಬ್ಬರ್ ಪೈಪುಗಳು. ಇಂಜೆಕ್ಷನ್ ಇಟ್ಟರೂ ತೆಗೆದರೂ ಅವನ್ನು ಬದಲಿಸಿ, ಬೆಂಕಿಯ ವಿಷಯ.

ಹಾಕಿ, ಮತ್ತೆ ತೆಗೆದವರು:
ನಾನು ಕಾರ್ಬೊರೇಟರ್‌ಗೆ ಹೋಗಿ ಇಂಜೆಕ್ಷನ್‌ಗೆ ವಾಪಸ್ ಬಂದವನು. ಬಿ20ಇ ಕಂಪ್ರೆಷನ್ (ಮಿಶ್ರಣವನ್ನು ಒತ್ತುವ ಪ್ರಮಾಣ) 10.5, ಅಂದರೆ ಜಾಸ್ತಿಯೇ. ನನ್ನ ನೀಡಲ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ನಿರ್ಧರಿಸುವ ಸೂಜಿ) ಆಯ್ಕೆ ತಪ್ಪಾಗಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪೆಟ್ರೋಲ್ ಸಾಲದೆ ಎಂಜಿನ್ ಕಟಕಟ ಅನ್ನುತ್ತಿತ್ತು. ಕಿವಿಯಲ್ಲಿ ಟ್ಯೂನ್ ಮಾಡುತ್ತೇನೆ ಅಂತ ಕೂತರೆ ಪಿಸ್ಟನ್ ಹೋಗುತ್ತದೆ. (ಭಾನುವಾರದ ಧ್ಯಾನದವರು ಬೇಜಾರು ಮಾಡಿಕೊಳ್ಳಬೇಡಿ. ಆ ಪೈಪು ಎರಡನ್ನು ಸರಿದೂಗಿಸುತ್ತದೆ, ಮಿಶ್ರಣ ಹೇಳುವುದಿಲ್ಲ.) ಎಕ್ಸಾಸ್ಟ್‌ಗೆ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ನೋಡಿ. ಪೂರ್ತಿ ಒತ್ತಿದಾಗ ಗಾಳಿ-ಪೆಟ್ರೋಲ್ ಅನುಪಾತ 12.5ರಿಂದ 13ರ ಆಸುಪಾಸು ಇರಲಿ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಹಳೆಯದೇ ಇಟ್ಟರೆ ಅಡ್ವಾನ್ಸ್, ಅಂದರೆ ಕಿಡಿ ಮುಂಚೆ ಹಾರುವುದು, ಎಷ್ಟು ಬರುತ್ತದೆ ಅಂತ ಟೈಮಿಂಗ್ ಲೈಟ್ ಹಿಡಿದು ನೋಡಲೇಬೇಕು.

ಏನೇ ಕಿತ್ತರೂ ಎಸೆಯಬೇಡಿ. ವೈರಿಂಗ್ ಕತ್ತರಿಸಬೇಡಿ, ಬಿಚ್ಚಿ ಚೀಟಿ ಅಂಟಿಸಿ ಡಬ್ಬಕ್ಕೆ ಹಾಕಿ. ನಾನು ಎಲ್ಲ ಗುಜರಿಗೆ ಕೊಟ್ಟೆ. ವಾಪಸ್ ಬರುವಾಗ ಒಂದೊಂದನ್ನೂ ಹುಡುಕಿ ಕೊಳ್ಳಬೇಕಾಯಿತು. ನಿಮ್ಮಲ್ಲಿ ಹೊಗೆ ತಪಾಸಣೆಯ ನಿಯಮ ಏನು ಅಂತಲೂ ಮೊದಲೇ ಕೇಳಿಕೊಳ್ಳಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಟಾರ್ಚ್ ಹಿಡಿದು ಹೋಗಿ ಆ ಪ್ರೆಶರ್ ಸೆನ್ಸರ್ ಡಬ್ಬಿಗೆ ಪೈಪ್ ಸಿಕ್ಕಿಸಿ ಎಳೆದೆ. ಎಳೆದಷ್ಟೂ ಗಾಳಿ ಬರುತ್ತಲೇ ಇತ್ತು, ನಾಲಿಗೆ ಒಂದು ಕ್ಷಣವೂ ಹಿಡಿಯಲಿಲ್ಲ. ನನ್ನ ಯೂನಿಟ್‌ಗೆ ಹೊಂದುವ ನಂಬರಿನ ಸೆನ್ಸರ್ ಹುಡುಕುತ್ತಿದ್ದೇನೆ, ರಿಪೇರಿ ಮಾಡಿಸಿದ್ದಾದರೂ ಸರಿ. ಕಾರ್ಬೊರೇಟರ್ ಸದ್ಯಕ್ಕೆ ಬೇಡ.